ಐದೂವರೆಯ ಹನ್ನೆರಡು ನಿಮಿಷ

"ಈ ಹಾಳಿ ನೀವ ತೆಗದದ್ದೇನ್ರಿ?"

ಸಿಂದಗಿಯ ಕಂಪ್ಯೂಟರ್ ಸೆಂಟರಿನ ಬಾಗಿಲಲ್ಲಿ ನಿಂತವನು ಸಿಟ್ಟಿನಿಂದ ಕಾಗದವನ್ನು ಮುಂದೆ ಹಿಡಿದ. ಅಲ್ಲಿ ಕಲಿಸುತ್ತಿದ್ದ ರೇಣುಕಾ ತಲೆ ಎತ್ತಿದಳು. ಹೈಸ್ಕೂಲಿನ ಡ್ರಿಲ್ ಮಾಸ್ತರ ಕಾಂತು; ಬಿಸಿಲುಂಡ ಮುಖ, ಕೊರಳಲ್ಲಿ ಸೀಟಿ.

ಅವನು ಹಿಡಿದಿದ್ದು ಸೂರ್ಯೋದಯ, ಸೂರ್ಯಾಸ್ತದ ಪಟ್ಟಿ. ಹೈಸ್ಕೂಲಿನ ಹೆಡ್‌ಮಾಸ್ತರ ಪರಪ್ಪ ನೋಟೀಸ್ ಬೋರ್ಡಿಗೆಂದು ಅವಳ ಕಡೆಯಿಂದ ಮಾಡಿಸಿದ್ದರು. 2003ರ ಆಗಸ್ಟ್ ಹದಿನೈದರ ಸೂರ್ಯಾಸ್ತ 6.39 ಎಂದು ಅದರಲ್ಲಿತ್ತು. ಹೊತ್ತು ಮುಳುಗುವುದರೊಳಗೆ ಧ್ವಜ ಇಳಿಸಬೇಕು. ಕಾಂತು ಇಳಿಸಿದ್ದು 6.50ಕ್ಕೆ. ಆಡಳಿತ ಮಂಡಳಿಯವರೊಬ್ಬರು ಗಡಿಯಾರ ನೋಡುತ್ತಲೇ ನಿಂತಿದ್ದರು. ಧ್ವಜಕ್ಕೆ ಅಪಮಾನ ಮಾಡಿದನೆಂದು, ಹಂಗಾಮಿ ನೌಕರಿಯ ಅವನನ್ನು ಮರುದಿನವೇ ಮನೆಗೆ ಕಳಿಸಿದ್ದರು.

"ಕುರಿ ಕಾದು ಬೆಳದಾಂವ್ರಿ ನಾ. ಹೊತ್ತು ಮುಳುಗಿದ್ದು ನನಗ ತಿಳಿಯಂಗಿಲ್ಲೇನು?"

"ಕುರಿ ಲೆಕ್ಕ ಬ್ಯಾರೆ, ಕಂಪ್ಯೂಟರ್ ಲೆಕ್ಕ ಬ್ಯಾರೆ ಐತ್ರಿ," ಎಂದಳು ರೇಣುಕಾ.

ಅವನು ಪಟ್ಟಿಯನ್ನು ಮೇಜಿನ ಮೇಲೆ ಎಸೆದು ಹೋದ.

ಛೇ... ಯಾಕೆ ಹಾಗಂದೆ?

ಅಂದು ಸಂಜೆ ರೇಡಿಯೋ ವಾರ್ತೆಗೆ ಗಡಿಯಾರ ಹೊಂದಿಸಿಕೊಂಡು ಮಾಳಿಗೆ ಹತ್ತಿದಳು. ಪಟ್ಟಿಯ ಹೊತ್ತು ದಾಟಿತು. ಸೂರ್ಯ ಮಾತ್ರ ಹೊಲಗಳ ಮೇಲೆ ಆರಾಮಾಗಿ ಕುಳಿತಿದ್ದ! ಮುಳುಗಿದ್ದು ಹನ್ನೆರಡು ನಿಮಿಷ ತಡವಾಗಿ. ಮರುದಿನವೂ ಹನ್ನೆರಡೇ.

ಮೂರನೆಯ ದಿನ ತಪ್ಪು ಸಿಕ್ಕಿತು. ಪಟ್ಟಿ ತೆಗೆದ ಪ್ರೋಗ್ರಾಮಿನಲ್ಲಿ ಚಿತ್ರ ಇಲ್ಲ, ಮೌಸಿನ ಕೆಲಸ ಇಲ್ಲ. ಕಪ್ಪು ಪರದೆಯ ಮೇಲೆ ಊರಿನ ಅಕ್ಷಾಂಶ, ರೇಖಾಂಶ, ತಾರೀಖು, ಗ್ರೀನ್‌ವಿಚ್‌ಗಿಂತ ನಮ್ಮ ಗಡಿಯಾರ ಎಷ್ಟು ತಾಸು ಮುಂದೆ ಎಂಬುದು, ಎಲ್ಲವನ್ನೂ ಒಂದೇ ಸಾಲಿನಲ್ಲಿ ಹೊಡೆದು ಎಂಟರ್ ಒತ್ತಬೇಕು. ಮುಂದಿರುವುದು ಐದೂವರೆ ತಾಸು. ಅವಳು 5.30 ಎಂದು ಹೊಡೆದಿದ್ದಳು. ನಮ್ಮಲ್ಲಿ ಐದೂವರೆಯನ್ನು ಯಾರೇ ಆದರೂ ಹಾಗೇ ಬರೆಯುತ್ತಾರೆ. ಆದರೆ ಯಂತ್ರಕ್ಕೆ ಅರ್ಧ ಎಂದರೆ .5; .30 ಎಂದರೆ ತಾಸಿನ ಹತ್ತರಲ್ಲಿ ಮೂರೇ ಪಾಲು. ಅದು 5.30 ಅನ್ನು ಐದು ತಾಸು ಹದಿನೆಂಟು ನಿಮಿಷ ಎಂದು ತಿಳಿದಿತ್ತು.

ಅವನು ಸರಿಯಾದ ಹೊತ್ತಿಗೇ ಧ್ವಜ ಇಳಿಸಿದ್ದ.

ಓಡಿಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಸೆಂಟರಿನ ಮಾಲೀಕ ಅನೀಲಕುಮಾರ ಕೆಲಸದಿಂದ ತೆಗೆದರೆ? ಊರು ನಕ್ಕರೆ? ಅದು ಹೇಡಿತನ. ಬೇರೆ ಹೆಸರಿಟ್ಟು ಪ್ರಯೋಜನವಿಲ್ಲ.

ಮರುದಿನ ಕಾಂತು ತಾನಾಗಿಯೇ ಬಂದ. ಸಿಟ್ಟು ಇಳಿದಿತ್ತು. ನಾನೆಲ್ಲಿ ತಪ್ಪಿದೆ ಎಂದು ತಿಳಿಯಬೇಕು, ಆ ಲೆಕ್ಕ ನನಗೂ ಕಲಿಸಿ ಎಂದು ಕೇಳಿದ.

ದಿನಾಲೂ ಐದಕ್ಕೆ ಬರತೊಡಗಿದ. ಒಂದೇ ಬೆರಳಿನಿಂದ ಅಕ್ಷರ ಹುಡುಕುತ್ತಿದ್ದ. ಕೋಳಿ ಕಾಳು ಹೆಕ್ಕಿದಂತಿದೆ ಎಂದು ಅವಳು ನಗುತ್ತಿದ್ದಳು. ತಾಯಿ ರೇವವ್ವ ಮಾಡಿದ ಶೇಂಗಾ ಹೋಳಿಗೆ ಕಟ್ಟಿಕೊಂಡು ಬರುತ್ತಿದ್ದ. ನಾಲ್ಕೂವರೆಗೇ ಅವಳ ಕಣ್ಣು ಬಾಗಿಲಿಗೆ ಹೋಗುತ್ತಿತ್ತು. ಹೋದಾಗಲೆಲ್ಲ ಎದೆ ಚುಚ್ಚುತ್ತಿತ್ತು. ಇವನ ಅನ್ನ ಕಿತ್ತವಳು, ಇವನ ದಾರಿ ಕಾಯುತ್ತಿದ್ದೇನೆ...

"ನಿನ್ನಿ ಕುರಿ ದೊಡ್ಡಿಗಿ ಹೊಡ್ಯಾಕ ಗಡಿಯಾರ ನೋಡಿದ್ನಿ ನೋಡ್ರಿ," ಎಂದ ಒಂದು ದಿನ, ನಗುತ್ತಲೇ. "ನನ್ನ ಕಣ್ಣಿನ ಮ್ಯಾಲಿನ ನಂಬಿಕಿನ ಹೋತು."

ಅವಳು ಕೈಯಲ್ಲಿದ್ದ ಹೋಳಿಗೆಯನ್ನು ಮತ್ತೆ ಕಾಗದದಲ್ಲಿ ಕಟ್ಟಿಟ್ಟಳು.

ಆಮೇಲೊಂದು ಶನಿವಾರ ಅವನು ಇನ್ನೊಂದು ಸುದ್ದಿ ತಂದ. ಧ್ವಜಕ್ಕೆ ಅಪಮಾನ ಮಾಡಿದ್ದು ನಿಜವೆಂದು ಬರೆದುಕೊಟ್ಟರೆ ಮಂಡಳಿಯವರು ಮತ್ತೆ ಕೆಲಸಕ್ಕೆ ಕರೆಯುತ್ತಾರಂತೆ. ಸೋಮವಾರ ಸಹಿ ಹಾಕುತ್ತೇನೆ ಎಂದ.

ಮಾಡದ ತಪ್ಪಿಗೆ ಸಹಿ! ರೇಣುಕಾಳಿಗೆ ಇನ್ನು ತಡೆಯಲಾಗಲಿಲ್ಲ. ಆಗಸ್ಟ್ ಹದಿನೈದರ ಇಡೀ ಸಾಲನ್ನು ನೀವೇ ಹೊಡೆಯಿರಿ ಎಂದಳು. ಅವನು ಹೊಡೆಯುತ್ತ ಹೋಗಿ ಕೊನೆಯಲ್ಲಿ ನಿಂತ.

"ಐದೂವರಿ ಹೆಂಗ ಹೊಡೀಲಿ?"

"ಐದು... ಚುಕ್ಕಿ... ಐದು."

ಎಂಟರ್ ಒತ್ತಿದ. ಪರದೆಯ ಮೇಲೆ ಬಂತು: 6.51.

ಕಾಂತು ಪರದೆ ನೋಡಿದ. ಅವಳನ್ನು ನೋಡಿದ.

"ಯಾವಾಗ ಗೊತ್ತಾತು?"

"ಮೂರನೇ ದಿನ."

"ಇವತ್ತಿಗಿ ಎಷ್ಟ ದಿನ ಆತು?"

"ಇಪ್ಪತ್ತರ ಮ್ಯಾಲ ಆತ್ರಿ..."

ಅವನು ಎದ್ದು ಹೋದ. ಬೈದಿದ್ದರೂ ಚೆನ್ನಾಗಿತ್ತು.

ಸೋಮವಾರ ರೇಣುಕಾ ಎರಡೂ ಪಟ್ಟಿ ಹಿಡಿದು ಮಂಡಳಿಯ ಮುಂದೆ ನಿಂತಳು. ತಪ್ಪು ನನ್ನದು, ತಿಳಿದೂ ಮುಚ್ಚಿಟ್ಟೆ ಎಂದಳು. ಅಂದು ಗಡಿಯಾರ ನೋಡುತ್ತ ನಿಂತಿದ್ದವರು ಅದನ್ನೇ ಎರಡು ಸಲ ಹೇಳಿಸಿದರು. ಹೇಳಿದಳು. ಪರಪ್ಪ ತಲೆ ತಗ್ಗಿಸಿದರು. ಕಾಂತುವಿಗೆ ಅಂದೇ ಕೆಲಸ ಮರಳಿತು. ಅವಳದು ಅಂದೇ ಹೋಯಿತು. ಅನೀಲಕುಮಾರ ಕಾರಣ ಕೇಳಲೂ ಇಲ್ಲ.

ಮರುದಿನ ಇಂಡಿ ಪಟ್ಟಣದ ತಂದೆತಾಯಿಯ ಮನೆಗೆ ಹೊರಟು ಬಸ್ ಸ್ಟ್ಯಾಂಡಿನಲ್ಲಿ ಚೀಲ ಹಿಡಿದು ನಿಂತಿದ್ದಳು. ಎದುರಿಗೆ ಕಾಂತು ಬಂದು ನಿಂತ.

"ಸಿಟ್ಟು ಇನ್ನೂ ಹೋಗಿಲ್ಲ."

"ಹೋಗೂದೂ ಬ್ಯಾಡ್ರಿ," ಎಂದಳು, ನೆಲ ನೋಡುತ್ತ.

"ಸಿಟ್ಟ ಇಟಗೊಂಡ ಲಗ್ನ ಆಗಾಕ ಬರತೈತೇನು?"

ಅವಳು ತಲೆ ಎತ್ತಿದಳು. ಅವನು ನಗುತ್ತಿರಲಿಲ್ಲ.

"ಒಂದ ಮಾತು," ಎಂದ. "ಇನ್ನ ಮ್ಯಾಲ ತಪ್ಪಾದ್ರ ಅವತ್ತ ಹೇಳಬೇಕು."

"ಹಂಗಾದ್ರ ಇನ್ನೊಂದು ಐತ್ರಿ... ಎರಡ ದಿನದಾಗ ಮುಗಿಯೂ ಪಾಠ ಅದು. ಮೂರ ವಾರ ಎಳದೆ."

"ಅಂಜಿ?"

"ಮೊದಲನೇ ವಾರ ಅಂಜಿ."

"ಉಳದ ಎರಡ ವಾರ?"

ಅವಳ ಕಣ್ಣು ತುಂಬಿ ಬಂತು. "ಮುಗಿಸಿದ್ರ ನೀವು ಬರೂದು ನಿಲ್ಲತಿತ್ತಲ್ಲ..."

ಕಾಂತು ಅವಳ ಕೈಯಿಂದ ಚೀಲ ತೆಗೆದುಕೊಂಡ.

"ನಡಿ. ನಮ್ಮವ್ವನ ಮುಂದ ಇದನ್ನೂ ಒಪ್ಪಿಕೋ."