ಎರಡು ನಿಮಿಷ ಆಫ್ ಮಾಡಬೇಡಿ

“ಮೇಸ್ತ್ರಿ ಇಲ್ವಾ?”

ಸಂಘಮಿತ್ರ ತಲೆ ಎತ್ತಲಿಲ್ಲ. ಚಿಂತಾಮಣಿಯ ಆ ವರ್ಕ್‌ಶಾಪಿಗೆ ಬರುವವರೆಲ್ಲ ಅವಳ ಅಪ್ಪ ಕೊಂಡಪ್ಪನನ್ನೇ ಹುಡುಕುತ್ತಿದ್ದರು. ಡಿಪ್ಲೊಮಾ ಮುಗಿಸಿ ಬಂದ ಈ ಐದು ವರ್ಷದಲ್ಲಿ ಟರ್ಬೋ ರಿಪೇರಿಯೆಲ್ಲ ಮಗಳ ಕೈಯದೇ ಎಂದು ಎಷ್ಟು ಜನಕ್ಕೆ ಹೇಳುವುದು?

“ನಾನೇ ಮಾಡೋದು. ಯಾವ ಲಾರಿ?”

“ಲಾರಿ ಅಲ್ಲ. ವಿಮಾನ.”

ಆಗ ತಲೆ ಎತ್ತಿದಳು. ಬಿಸಿಲಿಗೆ ಕಂದಿದ ಮುಖ, ಮೊಣಕೈವರೆಗೆ ಮಡಚಿದ ಅಂಗಿ ತೋಳು. ಆಸಾಮಿ ತಮಾಷೆ ಮಾಡುತ್ತಿರಲಿಲ್ಲ.

‘ಹುಚ್ಚನೇ ಇರಬೇಕು,’ ಅಂದುಕೊಂಡಳು. ‘ಆದರೆ ನೋಡೋಕೆ ಚೆನ್ನಾಗಿದಾನೆ.’

ಹೆಸರು ಜಗನ್. ಮುದ್ದೇನಹಳ್ಳಿ ಹತ್ತಿರದ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಪಾಠ ಮಾಡುವವನು, ವಿಮಾನ ಹಾರಿಸುವ ಲೈಸೆನ್ಸೂ ಇತ್ತು. ತೊಂಡೇಬಾವಿ ಬಳಿ ಪರಿಚಯದವರ ಜಮೀನಿನ ಶೆಡ್ಡಿನಲ್ಲಿ ನಾಲ್ಕು ವರ್ಷದಿಂದ ಎರಡು ಸೀಟಿನ ವಿಮಾನವೊಂದನ್ನು ತಾನೇ ಕಟ್ಟಿದ್ದ. ಅದಕ್ಕೆ ಕೂರಿಸಿದ್ದು ಹಳೆಯ ಜಪಾನ್ ಕಾರಿನ ರೋಟರಿ ಎಂಜಿನ್.

ಅದರಲ್ಲಿ ಪಿಸ್ಟನ್ನೇ ಇಲ್ಲ! ಸಮೋಸದ ಆಕಾರದ ಎರಡು ಉಕ್ಕಿನ ತುಂಡು ಒಳಗೆ ಗಿರಗಿರ ತಿರುಗುತ್ತವೆ, ಅಷ್ಟೇ. ಹಗುರ, ಗಟ್ಟಿ. ಆದರೆ ನಮ್ಮ ಕಡೆಯ ಎತ್ತರಕ್ಕೂ ಬಿಸಿಲಿಗೂ ಗಾಳಿ ತೆಳುವಾಗಿ ಎಂಜಿನ್ನಿಗೆ ಉಸಿರು ಸಾಲುತ್ತಿರಲಿಲ್ಲ. ಹೊಗೆಯ ರಭಸದಲ್ಲೇ ತಿರುಗಿ ಒಳಗೆ ಗಾಳಿ ತುಂಬುವ ಟರ್ಬೋ ಬೇಕಿತ್ತು.

ಮೂರು ತಿಂಗಳು ಭಾನುವಾರ ತಪ್ಪದೆ ಬಂದ. ಲಾರಿಯ ಟರ್ಬೋ ಈ ಎಂಜಿನ್ನಿನ ಕಾವು ತಡೆಯಲ್ಲ ಎಂದು ಅವಳೇ ಹೇಳಿ, ಪೆಟ್ರೋಲ್ ಕಾರಿನದೊಂದನ್ನು ಹುಡುಕಿಸಿ, ಅದರ ಚಕ್ರವನ್ನು ಕೂದಲೆಳೆಯಷ್ಟೂ ಅದುರದಂತೆ ಕೂರಿಸಿದಳು. ಕೆಲಸದ ಮಾತಿನ ನಡುವೆ ಬೇರೆ ಮಾತೂ ನುಸುಳತೊಡಗಿತು. ಶನಿವಾರ ಸಂಜೆಯಿಂದಲೇ ಅವಳಿಗೆ ಬಾಗಿಲ ಕಡೆ ಕಣ್ಣು...

ಜಗಳ ಬಂದದ್ದು ಒಂದು ಪುಟ್ಟ ಬಾಗಿಲಿಂದ.

ಟರ್ಬೋದಿಂದ ಎಂಜಿನ್ನಿಗೆ ಹೋಗುವ ಗಾಳಿ ಪೈಪಿಗೆ ಅವಳು ಅಂಗೈಯಗಲದ ಸ್ಪ್ರಿಂಗ್ ಬಾಗಿಲು ಕೂರಿಸಿದ್ದಳು. ಟರ್ಬೋ ಗಾಳಿ ತುಂಬುವಾಗ ಅದು ಮುಚ್ಚಿರುತ್ತದೆ. ಟರ್ಬೋ ಜಾಮ್ ಆದರೆ ತಾನಾಗಿ ತೆರೆದು, ಎಂಜಿನ್ ಹೊರಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ.

ಜಗನ್‌ನ ಮುಖ ಬಿಗಿಯಿತು. ಪೈಪ್ ಅವನ ಆರು ವಾರದ ಕೆಲಸ. ಗಾಳಿ ಸೋರುತ್ತದೆ, ತೂಕ ಹೆಚ್ಚುತ್ತದೆ ಎಂದ. ತನ್ನ ವಿಮಾನದ ಮೇಲೆ ಅವಳಿಗೆ ನಂಬಿಕೆಯೇ ಇಲ್ಲವಾ ಎಂದ. ಅವಳು ಬಾಗಿಲ ಮಾತು ಬಿಟ್ಟು ಇನ್ನೊಂದು ಹೇಳಿದಳು. ಎಂಜಿನ್ ನಿಲ್ಲಿಸುವ ಮುಂಚೆ ಎರಡು ನಿಮಿಷ ಸುಮ್ಮನೆ ಓಡಲು ಬಿಡಬೇಕು, ಇಲ್ಲದಿದ್ದರೆ ಟರ್ಬೋ ಒಳಗಿನ ಎಣ್ಣೆ ಸುಟ್ಟು ಕರಿಕಟ್ಟಿ ಚಕ್ರ ಕಚ್ಚಿಕೊಳ್ಳುತ್ತದೆ. ಬೋರ್‌ವೆಲ್ ಲಾರಿ ಡ್ರೈವರುಗಳೆಲ್ಲ ಹಾಗೇ ಮಾಡುತ್ತಾರೆ.

“ಇದು ಬೋರ್‌ವೆಲ್ ಲಾರಿ ಅಲ್ಲ. ಲಾರಿ ಬುದ್ಧಿ ಲಾರಿಗಿರಲಿ,” ಎಂದುಬಿಟ್ಟ. “ನಿಮ್ಮ ಬಾಗಿಲಿಗೆ ನಾಲ್ಕು ರಿವೆಟ್ ಹೊಡೆದು ಮುಚ್ತೀನಿ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಪೈಪು, ಟರ್ಬೋ ಎರಡನ್ನೂ ಗೋಣಿಯಲ್ಲಿ ಸುತ್ತಿ ಅವನ ಕೈಗಿಟ್ಟಳು. ನಂಬಿಕೆಯಿಲ್ಲದೆ ಅಲ್ಲ, ನಿಮಗೇನಾದರೂ ಆದರೆ ನಾನು ತಡೆಯಲಾರೆ... ಎಂದು ಮಾತ್ರ ಹೇಳಲಿಲ್ಲ.

ಕೊಂಡಪ್ಪನ ವರ್ಕ್‌ಶಾಪಿನಲ್ಲಿ ಒಂದು ಕಟ್ಟುಪಾಡಿತ್ತು. ಟರ್ಬೋ ಮಾಡಿದವರು ಮೊದಲ ಸ್ಟಾರ್ಟಿಗೆ ಪಕ್ಕದಲ್ಲಿ ನಿಂತಿರಬೇಕು. ಬೋರ್ ಲಾರಿ ಎಷ್ಟು ದೂರದಲ್ಲಿದ್ದರೂ ಸರಿ. ವಿಮಾನದ ಮೊದಲ ಸ್ಟಾರ್ಟಿನ ದಿನ ಸಂಘಮಿತ್ರ ಹೋಗಲಿಲ್ಲ. ಆ ಕಟ್ಟುಪಾಡು ಮುರಿದದ್ದು ಜೀವನದಲ್ಲಿ ಅದೇ ಮೊದಲ ಸಲ.

ತಿಂಗಳಾದ ಮೇಲೆ, ಪರೀಕ್ಷಾ ಹಾರಾಟಕ್ಕೆ ಅನುಮತಿ ಸಿಕ್ಕಿದೆ, ಭಾನುವಾರ ಬೆಳಿಗ್ಗೆ ಜಗನ್ ಹಾರುತ್ತಾನೆ ಎಂಬ ಸುದ್ದಿ ಅಪ್ಪನಿಗೆ ಫೋನಿನಲ್ಲಿ ಬಂತು. ಮಗಳು ಸ್ಪ್ಯಾನರ್ ಒರೆಸುತ್ತಲೇ ಇದ್ದಳು, ಒರೆಸಿದ್ದನ್ನೇ ಮತ್ತೆ ಒರೆಸುತ್ತಾ.

“ಕೋಪ ಆ ಹುಡುಗನ ಮೇಲೆ ಇಟ್ಕೋಮ್ಮ. ಕೆಲಸದ ಮೇಲೆ ಇಟ್ಕೋಬೇಡ,” ಎಂದ ಕೊಂಡಪ್ಪ. “ಮೊದಲ ಬಸ್ಸಿಗೆ ಹೋಗಮ್ಮ.”

ಅವಳು ತಲುಪುವಷ್ಟರಲ್ಲಿ ವಿಮಾನ ಮಣ್ಣಿನ ರನ್‌ವೇ ಮೇಲೆ ಓಡುತ್ತಿತ್ತು. ಟರ್ಬೋದ ಸಿಳ್ಳು ಸಣ್ಣಗೆ, ಶುದ್ಧವಾಗಿ ಕೇಳಿತು. ನೆಲ ಬಿಟ್ಟಿತು! ಅವಳಿಗೆ ಕಣ್ಣು ತುಂಬಿ ಬಂತು.

ಎರಡನೇ ಸುತ್ತಿನಲ್ಲಿ ಆ ಸಿಳ್ಳು ತಟ್ಟನೆ ನಿಂತಿತು.

ಟರ್ಬೋ ಜಾಮ್. ಇನ್ನು ಎಂಜಿನ್ನಿಗೆ ಗಾಳಿ ಬರುವುದಿದ್ದರೆ ಆ ಬಾಗಿಲಿಂದ ಮಾತ್ರ. ಅವನು ಅದನ್ನು ಮುಚ್ಚಿದ್ದರೆ...? ವಿಮಾನ ತಗ್ಗುತ್ತಾ ಹುಣಸೆ ತೋಪಿನ ಹಿಂದೆ ಮರೆಯಾಯಿತು. ‘ಗೆಲ್ಲೋದು ಬೇಡ, ನನ್ನ ಮಾತು ನಡೆಯೋದೂ ಬೇಡ... ಅವನೊಬ್ಬ ಬಂದರೆ ಸಾಕು.’

ಆಮೇಲೆ ಕೇಳಿತು. ಒರಟಾದ, ಸಿಳ್ಳಿಲ್ಲದ, ಆದರೆ ಬಿಡದೆ ಓಡುತ್ತಿದ್ದ ಎಂಜಿನ್ ಸದ್ದು! ತೋಪಿನ ತಲೆ ಸವರುವಂತೆ ಬಂದ ವಿಮಾನ ಕುಪ್ಪಳಿಸಿ ಇಳಿದು, ಧೂಳಿನಲ್ಲಿ ನಿಂತಿತು.

ನಿಂತಿತು, ಆದರೆ ಎಂಜಿನ್ ಆಫ್ ಆಗಲಿಲ್ಲ. ಅವಳು ಓಡಿಹೋಗಿ, ಪ್ರೊಪೆಲ್ಲರಿನಿಂದ ದೂರ ರೆಕ್ಕೆಯ ಹಿಂದೆ ಕಾದಳು. ಜಗನ್ ಕೈಗಡಿಯಾರ ನೋಡುತ್ತಾ ಕೂತಿದ್ದ. ಸರಿಯಾಗಿ ಎರಡು ನಿಮಿಷ. ಆಮೇಲೆ ನಿಲ್ಲಿಸಿ ಇಳಿದು ಬಂದ.

“ಜಾಮ್ ಆದ ಟರ್ಬೋಗೆ ಯಾಕೆ ಎರಡು ನಿಮಿಷ?” ಅವಳು ಕೇಳಿದಳು.

“ಟರ್ಬೋಗಲ್ಲ. ನೀವು ನಿಂತಿರೋದು ಕಾಣ್ತು. ಏನು ಹೇಳಬೇಕು ಅಂತ ಯೋಚಿಸೋಕೆ.”

ಜಗನ್ ಟರ್ಬೋದ ಕಡೆ ಕೈ ತೋರಿಸಿದ.

“ನೆಲದ ಮೇಲೆ ಟೆಸ್ಟ್ ಮಾಡುವಾಗೆಲ್ಲ ಎಂಜಿನ್ ಬಿಸಿ ಏರ್ತಾ ಇತ್ತು, ಹೆದರಿ ತಕ್ಷಣ ಆಫ್ ಮಾಡ್ತಿದ್ದೆ. ನೀವು ಹೇಳಿದ್ದೇ ಆಯ್ತು. ತಪ್ಪು ನನ್ನದು.”

“ಮೊದಲ ಸ್ಟಾರ್ಟಿಗೆ ನಾನು ಬಂದಿದ್ರೆ ಆಫ್ ಮಾಡೋಕೆ ಬಿಡ್ತಿರಲಿಲ್ಲ. ನನ್ನದೂ ಇದೆ,” ಎಂದಳು. “ಬಾಗಿಲು... ಮುಚ್ಚಲಿಲ್ವಾ?”

“ಡ್ರಿಲ್ ಹಿಡ್ಕೊಂಡು ಕೂತಿದ್ದೆ. ಬಾಗಿಲ ಅಂಚು ಮುಟ್ಟಿ ನೋಡ್ದೆ. ಒಳಗಡೆ, ಯಾರಿಗೂ ಕಾಣದ ಕಡೆ ಕೂಡ ನೀವು ಅಷ್ಟು ನಯ ಮಾಡಿದ್ರಿ. ನಂಬಿಕೆ ಇಲ್ಲದವರು ಹಾಗೆ ಮಾಡಲ್ಲ ಅನ್ನಿಸ್ತು. ಕೈ ಬರಲಿಲ್ಲ.” ಅವನ ಕಣ್ಣು ಒದ್ದೆಯಾಗಿತ್ತು. “ಇವತ್ತು ನಾನು ಉಸಿರಾಡಿದ್ದು ನಿಮ್ಮ ಬಾಗಿಲಿಂದ, ಮಿತ್ರ. ಈ ಋಣ ಹೊತ್ಕೊಂಡೇ ನಿಮ್ಮ ಜೊತೆ ಬಾಳೋ ಆಸೆ.”

ಧೂಳು ನಿಧಾನವಾಗಿ ಇಳಿಯುತ್ತಿತ್ತು. ಅವಳಿಗೆ ಅಪ್ಪನ ನೆನಪಾಯಿತು, ಮೊದಲ ಬಸ್ಸಿನ ನೆನಪಾಯಿತು, ಎಲ್ಲಕ್ಕೂ ಒಟ್ಟಿಗೆ ಕೈ ಮುಗಿಯಬೇಕೆನ್ನಿಸಿತು.

“ಮುಂದಿನ ಟರ್ಬೋ ಮಾಡಿಕೊಡ್ತೀರಾ?” ಅವನು ಮೆಲ್ಲಗೆ ಕೇಳಿದ. “ಮೊದಲ ಸ್ಟಾರ್ಟಿಗೆ ಪಕ್ಕದಲ್ಲಿ ನಿಲ್ಲೋಕೆ ಬರ್ತೀರಾ? ಆಮೇಲೂ...?”

“ಎರಡು ನಿಮಿಷ ಕೊಡಿ, ಹೇಳ್ತೀನಿ.”

ಅವನು ವಿಧೇಯನಾಗಿ ಕೈಗಡಿಯಾರದ ಕಡೆ ನೋಡಿದ. ಎಣ್ಣೆ ಕಲೆಯ ಅವಳ ಕೈ ಮೆಲ್ಲಗೆ ಆ ಗಡಿಯಾರವನ್ನು ಮುಚ್ಚಿತು.

“ಬರ್ತೀನಿ, ಜಗನ್.”