ಮೂವತ್ತೊಂದು ಡಿಗ್ರಿ

"ಈ ನಂಬರ್ ನೀವೇ ಕುಂತು ಬರ್ದಿದ್ದು! ಸುಳ್ಳು ಯಾಕ್ರಿ?"

ಮಲ್ಲೇಶ್ ಇಡೀ ಕ್ಲಾಸಿಗೆ ಕೇಳುವಂತೆ ಕೂಗಿದ. 2005ರ ಚಿತ್ರದುರ್ಗ, ಕಂಪ್ಯೂಟರ್ ಟ್ರೈನಿಂಗ್ ಸೆಂಟರ್. ಲೋಟದ ಬಿಸಿನೀರಿನಲ್ಲಿ ಶಾಖ ಅಳೆಯುವ ಸೆನ್ಸರ್ ಮುಳುಗಿತ್ತು, ಹಬೆ ಏಳುತ್ತಿತ್ತು. ಪರದೆಯ ಗ್ರಾಫ್ ಮಾತ್ರ ಮೂವತ್ತೊಂದು ಡಿಗ್ರಿಯಲ್ಲೇ ನೆಟ್ಟಗೆ ಮಲಗಿತ್ತು!

ಮೇಘಶ್ರೀಗೆ ಕೋಪ ಬರಬೇಕಿತ್ತು... ಬರಲಿಲ್ಲ. ತುರುವನೂರಿನಲ್ಲಿ ಅಮ್ಮ ತೀರಿಕೊಂಡು ನಾಲ್ಕು ತಿಂಗಳು. ಅಂದಿನಿಂದ ಅಳುವೂ ಇಲ್ಲ, ನಗುವೂ ಇಲ್ಲ.

ಇಲ್ಲಿ ಪ್ರೋಗ್ರಾಂ ಬರೆಯುವುದಲ್ಲ, ಪರದೆಯ ಮೇಲೆ ಡಬ್ಬಿಯ ಚಿತ್ರಗಳನ್ನಿಟ್ಟು ನಡುವೆ ತಂತಿ ಎಳೆಯುವುದು. ಇಬ್ಬರಿಗೊಂದು ಕಂಪ್ಯೂಟರ್; ಅವಳ ಜೊತೆಗಾರ ಮಲ್ಲೇಶ್. ಶನಿವಾರ ಗ್ರಾಫ್ ಸರಿಯಾಗಿ ಬಂದರೆ ಇಬ್ಬರಿಗೂ ಹಿರಿಯೂರಿನಲ್ಲಿ ಪಂಪ್ ಟೆಸ್ಟಿಂಗ್ ಕೆಲಸ. ಇಲ್ಲದಿದ್ದರೆ ಮನೆ ದಾರಿ.

"ಹೂಂ ಅನ್ರಿ, ಇಲ್ಲ ಅನ್ರಿ... ಏನಾರ ಅನ್ರಿ!"

ಅವಳು ಬ್ಯಾಗ್ ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದಳು. ಹುಡುಗಿ ತಿರುಗಿ ಬೈದಿದ್ದರೆ ಪಾಪ, ಅವನಿಗೆ ಆ ರಾತ್ರಿ ನಿದ್ದೆಯಾದರೂ ಬರುತ್ತಿತ್ತೇನೋ!

ದಿನಾ ಬೆಳಿಗ್ಗೆ "ಹೆಂಗಿದೀರಿ?" ಎಂದು ಕೇಳುತ್ತಿದ್ದವನೂ ಅವನೇ. "ಚೆನ್ನಾಗಿದೀನಿ." ಎರಡು ವಾರದಿಂದ ಅವಳದು ಅದೇ ಉತ್ತರ.

ಶುಕ್ರವಾರ ಅವಳು ಬರುವಷ್ಟರಲ್ಲಿ ಅವನು ಬಿಸಿನೀರು ತಂದಿಟ್ಟುಕೊಂಡು ಕಾಯುತ್ತಿದ್ದ.

"ತಪ್ಪಾತು ಕಣ್ರಿ. ನೀವು ನಂಬರ್ ಬರ್ದಿಲ್ಲ. ಸೆನ್ಸರ್ ಡಬ್ಬಿ, ಮತ್ತೆ ಮತ್ತೆ ಓದಿಸೋ ಈ ಲೂಪಿನ ಚೌಕದಿಂದ ಹೊರಗೈತೆ, ನೋಡ್ರಿ. ನೀರು ಹಾಕೋ ಮುಂಚೆ ಒಂದ್ಸಲ ಓದ್ಕಂಡು, ಅದನ್ನೇ ತಿರುಗಿಸ್ತಾ ಐತೆ. ಆಮೇಲೆ ಓದೇ ಇಲ್ಲ."

ಡಬ್ಬಿಯನ್ನು ಚೌಕದೊಳಗೆ ಎಳೆದು ತಂತಿ ಸೇರಿಸಿದ. ಗೆರೆ ಎದ್ದಿತು... ನಲವತ್ತು, ಐವತ್ತು, ಅರವತ್ತು!

'ಅಮ್ಮ ಹೋದ ದಿನ ನಾನೂ ನನ್ನ ಮನಸ್ಸನ್ನ ಒಂದ್ಸಲ ಓದಿಕೊಂಡವಳು... ಆಮೇಲೆ ಓದೇ ಇಲ್ಲ!'



"ಹೆಂಗಿದೀರಿ?" ಮಲ್ಲೇಶ್ ಮೆಲ್ಲಗೆ ಕೇಳಿದ.

"ಚೆನ್ನಾಗಿಲ್ಲ ರೀ... ಅಮ್ಮ ಹೋದ್ಮೇಲೆ ಒಂದಿನಾನೂ ಚೆನ್ನಾಗಿಲ್ಲ."

ನಾಲ್ಕು ತಿಂಗಳ ಅಳು ಆಗ ಬಂತು. ಅವನು ಸುಮ್ಮನಿರು ಎನ್ನಲಿಲ್ಲ. ಕರ್ಚೀಫ್ ಕೊಟ್ಟು ಪಕ್ಕದಲ್ಲೇ ಕುಳಿತ. ಲೋಟದ ನೀರು ತಣ್ಣಗಾಗುತ್ತಾ ಬಂತು. ಗೆರೆಯೂ ನಿಧಾನವಾಗಿ ಇಳಿಯಿತು.

"ನಾಳೆನೂ ಕೇಳ್ತೀನಿ, ನಾಡಿದ್ದೂ ಕೇಳ್ತೀನಿ," ಎಂದ.

"ನಾಳೆಗೆ ಕೋರ್ಸ್ ಮುಗೀತೈತಲ್ಲ?"

"ಕೋರ್ಸ್ ಮುಗೀಲಿ. ನಂಗೆ ನೀವಂದ್ರೆ ಇಷ್ಟ, ಮೇಘಶ್ರೀ. ಜೀವ ಇರೋತನಕ ದಿನಾ ಕೇಳೋ ಆಸೆ ಐತೆ."

ಅವಳು ಕಣ್ಣೊರೆಸಿಕೊಂಡಳು. "ದಿನಾ ಒಂದೊಂದು ಥರ ಹೇಳಿದ್ರೆ?"

"ಹೇಳ್ರಿ... ಅದಕ್ಕೇ ಕೇಳೋದು."