ತುದಿ ಹೋಳುಗಳ ಪುಡ್ಡಿಂಗ್

“ಈ ಡಬ್ಬಿಗೆ ಮುಚ್ಚಳ ಹಾಕೋಕೇ ಆಗ್ತಿಲ್ವಲ್ಲೇ,” ಎಂದರು ಅಪ್ಪ, ಫ್ರೀಜರಿನೊಳಗೆ ತಲೆ ತೂರಿಸಿಕೊಂಡು. “ಹದಿನೆಂಟು ಹೋಳಿವೆ. ಪುಡ್ಡಿಂಗ್‌ಗೆ ಹನ್ನೆರಡು ಸಾಕಲ್ವಾ?”

ಅವರ ಚಿಕ್ಕ ಮಗಳು ಗುಂಡುಸೂಜಿ ಬಂದು ಡಬ್ಬಿಯೊಳಗೆ ಇಣುಕಿದಳು. ಸಣಕಲು ಮೈ, ದುಂಡು ತಲೆ ಎಂದು ಆ ಹೆಸರಿಟ್ಟವಳು ಅವಳ ಅಕ್ಕ.

ಬ್ರೆಡ್ಡಿನ ಎರಡು ತುದಿಯ ಹೋಳುಗಳನ್ನು ಆ ಮನೆಯಲ್ಲಿ ಯಾರೂ ತಿನ್ನುತ್ತಿರಲಿಲ್ಲ. ಅಕ್ಕ ಅವನ್ನು ಡಬ್ಬಿಯಲ್ಲಿ ಕೂಡಿಡುತ್ತಿದ್ದಳು. ಹನ್ನೆರಡಾದ ದಿನ ಪುಡ್ಡಿಂಗ್. ಆದರೆ ಅಕ್ಕ ದೂರದ ಕಾಲೇಜಿನ ಹಾಸ್ಟೆಲ್ ಸೇರಿ ಮೂರು ತಿಂಗಳಾಗಿತ್ತು. ಅವಳು ಬಂದ ಮೇಲೆ ಮಾಡೋಣವೆಂದು ಹೋಳುಗಳು ಡಬ್ಬಿಯಲ್ಲೇ ಸೇರುತ್ತಿದ್ದವು. ಈ ಭಾನುವಾರ ಖಂಡಿತ ಬರುತ್ತೇನೆ ಎಂದಿದ್ದವಳು ಬೆಳಿಗ್ಗೆ ಮೆಸೇಜ್ ಕಳಿಸಿದ್ದಳು. ನಾಳೆಯೇ ಟೆಸ್ಟ್ ಇಟ್ಟಿದ್ದಾರೆ, ಬರೋಕಾಗಲ್ಲ. ಹೀಗಾಗಿದ್ದು ಇದು ಎರಡನೇ ಸಲ.

“ಮಾಡೋಣ ಅಪ್ಪಾ, ಇವತ್ತೇ ಮಾಡೋಣ,” ಎಂದಳು ಗುಂಡುಸೂಜಿ ಇದ್ದಕ್ಕಿದ್ದಂತೆ. “ಅವಳಿಗೆ ಒಂದು ಚೂರೂ ಇಡೋದು ಬೇಡ.”

ಅಪ್ಪ ಅವಳ ಮುಖ ನೋಡಿದರು. “ಒಂದು ಚೂರೂ ಇಲ್ವಾ? ಸರಿ, ನಿನ್ನ ಆರ್ಡರ್.”

ಅವಳು ಹೋಳುಗಳನ್ನು ಮುರಿದು ಹಾಲು, ಮೊಟ್ಟೆಯಲ್ಲಿ ನೆನೆಸಿದಳು. ಸೇಬು ಹೆಚ್ಚಿ, ಒಣದ್ರಾಕ್ಷಿ, ಬಾದಾಮಿ ಬೆರೆಸಿದಳು. ಕ್ಯಾರಮೆಲ್ ಅಪ್ಪನ ಪಾಲಿಗೆ ಬಂತು. ಬಾಣಲೆಯಲ್ಲಿ ಸಕ್ಕರೆ, ನೀರು ಹಾಕಿ ಒಲೆಯ ಮೇಲಿಟ್ಟರು. ಗುಳ್ಳೆ ಏಳುತ್ತಲೇ ಚಮಚ ಹಾಕಿ ಗರಗರ ತಿರುವತೊಡಗಿದರು.

ಅಪ್ಪ ಗೋಡೆಗಳಿಗೆ ಬಣ್ಣ ಬಳಿಯುವವರು. ದಿನವಿಡೀ ಬಕೆಟ್ಟಿನಲ್ಲಿ ಬಣ್ಣ ಕಲಕಿ ಕಲಕಿ ಕೈಗೆ ಅದೇ ಅಭ್ಯಾಸವಾಗಿತ್ತು. ತಿರುವುತ್ತಿದ್ದಂತೆ ಪಾಕ ಬೆಳ್ಳಗಾಯಿತು, ಮರಳುಮರಳಾಯಿತು, ಕೊನೆಗೆ ಗಟ್ಟಿಯಾಗಿ ಚಮಚವನ್ನೇ ಹಿಡಿದುಕೊಂಡಿತು.

“ಇದೇನಪ್ಪಾ, ಸುಣ್ಣ ಕಲಸಿದ ಹಾಗಿದೆ?”

“ಕಲಕದಿದ್ರೆ ತಳ ಹಿಡಿಯುತ್ತಲ್ವಾ?” ಅಪ್ಪ ಪೆಚ್ಚಾಗಿ ಫೋನ್ ತೆಗೆದರು. “ತಡಿ, ಅಕ್ಕನ್ನ ಕೇಳ್ತೀನಿ.”

“ನಾನಂತೂ ಮಾತಾಡಲ್ಲ.”

ಸ್ಪೀಕರಿನಲ್ಲಿ ಅಕ್ಕನ ದನಿ ಬಂತು. “ಚಮಚ ಹಾಕಿದ್ರಾ ಅಪ್ಪಾ? ಅಯ್ಯೋ, ಅದು ಪೇಂಟ್ ಅಲ್ಲ! ಅರ್ಧ ಲೋಟ ನೀರು ಹಾಕಿ, ಸಣ್ಣ ಉರಿಯಲ್ಲಿ ಮುಚ್ಚಿಡಿ. ಎಲ್ಲಾ ಕರಗಿದ ಮೇಲೆ ಮುಚ್ಚಳ ತೆಗೀರಿ. ಮುಟ್ಟಲೇಬೇಡಿ. ಟೀ ಬಣ್ಣ ಬಂದ ತಕ್ಷಣ ಇಳಿಸಿ.” ಆಮೇಲೆ ಕೇಳಿದಳು, “ಗುಂಡುಸೂಜಿ ಎಲ್ಲಿ?”

ಗುಂಡುಸೂಜಿ ಉಳಿದ ಬಾದಾಮಿ ಎಣಿಸುವಂತೆ ತಲೆ ಬಗ್ಗಿಸಿದಳು.

“ಇಲ್ಲೇ ಇದ್ದಾಳೆ. ತುಂಬಾ ಬಿಜಿ,” ಎಂದರು ಅಪ್ಪ.

ಅಪ್ಪ ಈ ಸಲ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಪಾಕ ತಿಳಿಯಾಯಿತು, ಜೇನಿನ ಬಣ್ಣಕ್ಕೆ ತಿರುಗಿತು, ಆಮೇಲೆ ಟೀ ಬಣ್ಣಕ್ಕೆ. ಅದನ್ನು ಟ್ರೇಗೆ ಸುರಿದು, ಮೇಲೆ ನೆನೆದ ಬ್ರೆಡ್ ಹರಡಿ ಓವನ್ನಿನಲ್ಲಿಟ್ಟರು. ಸ್ವಲ್ಪ ಹೊತ್ತಿಗೆ ಅಡುಗೆಮನೆಯ ತುಂಬ ಅದೇ ಹಳೆಯ ಘಮ. ಗುಂಡುಸೂಜಿ ಅರಿವಿಲ್ಲದೆ ಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

ಮುಕ್ಕಾಲು ಗಂಟೆಯ ಮೇಲೆ ಅಪ್ಪ ದಪ್ಪ ಬಟ್ಟೆಯಲ್ಲಿ ಟ್ರೇ ಹಿಡಿದು ಹೊರಗೆ ತೆಗೆಯುವಾಗಲೇ ಫೋನ್ ರಿಂಗಾಯಿತು. ಅವರ ಎರಡು ಕೈಯೂ ತುಂಬಿತ್ತು. ಗುಂಡುಸೂಜಿಯೇ ಎತ್ತಬೇಕಾಯಿತು.

“ತೆಗೆದ್ರಾ?” ಎಂದಳು ಅಕ್ಕ.

“ಹೂಂ.”

“ಅಂಚಲ್ಲಿ ಕ್ಯಾರಮೆಲ್ ಇನ್ನೂ ಕುದೀತಿದೆಯಾ?”

“ಹೂಂ.”

ನಿನಗೆ ಕೊಡಲ್ಲ ಹೋಗು ಎಂಬ ಮಾತು ಬೆಳಗಿನಿಂದ ಅವಳ ನಾಲಿಗೆಯ ತುದಿಯಲ್ಲೇ ಇತ್ತು.

“ಫೋನ್ ಅದರ ಹತ್ರ ಹಿಡಿಯೇ,” ಎಂದಳು ಅಕ್ಕ ಮೆಲ್ಲಗೆ. “ಒಂದೇ ಒಂದು ನಿಮಿಷ. ಇಲ್ಲಿ ರೂಮಲ್ಲಿ ನಾನೊಬ್ಬಳೇ ಇದ್ದೀನಿ.”

ಗುಂಡುಸೂಜಿ ಫೋನನ್ನು ಟ್ರೇಯ ಅಂಚಿಗೆ ಹಿಡಿದಳು. ಗುಳುಗುಳು ಎಂದು ಗುಳ್ಳೆಗಳು ಒಡೆಯುತ್ತಿದ್ದವು. ಆ ಕಡೆಯಿಂದ ಒಮ್ಮೆ ಮೂಗೆಳೆದುಕೊಂಡ ಸದ್ದು ಕೇಳಿಸಿತು.

ಬಿಸಿ ಹಬೆಗೆ ಅವಳ ಬೆರಳು ಚುರುಗುಟ್ಟಿತು. ಸಾಕು ಬಿಡು ಎಂದು ಅಪ್ಪ ಸನ್ನೆ ಮಾಡಿದರು.

ಗುಂಡುಸೂಜಿ ಒಲ್ಲೆನೆಂಬಂತೆ ತಲೆಯಾಡಿಸಿದಳು. ಫೋನನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, ಕೊನೆಯ ಗುಳ್ಳೆ ಅಡಗುವವರೆಗೂ ಹಾಗೇ ಹಿಡಿದು ನಿಂತಳು.